ಊರು ಮೆಚ್ಚಿದ ಸಜ್ದಾ

ಹೋದ ವಾರ ಪಕ್ಕದ ಮನೆಯಾಕೆ ಒಂದು ಖಾಲಿ ಬಾಟಲಿ ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದಳು. ಕೆಮ್ಮಿನ ಔಷಧದ ಬಾಟಲಿ. ಆಕೆಯ ಮಗನಿಗೆ ಇಪ್ಪತ್ತಾರು ವರ್ಷ. ಕೆಮ್ಮಿಲ್ಲ, ನೆಗಡಿಯಿಲ್ಲ. ಆದರೂ ಅವನ ಹಾಸಿಗೆಯ ಕೆಳಗೆ ಇಂಥವು ಸಾಲುಸಾಲಾಗಿ ಸಿಕ್ಕಿದ್ದವಂತೆ. ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ. ಸಿಹಿಯ ಅಡಿಯಲ್ಲೊಂದು ಕಹಿ ವಾಸನೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಅಂದಳು, “ಶರಾಬ್ ಅಲ್ಲಲ್ರೀ ಆಪಾ. ಶರಾಬ್ ಆಗಿದ್ರ ಹರಾಮ್. ಇದು ದವಾ ಅದ.”

ನನಗೆ ಎಪ್ಪತ್ತೈದು ದಾಟಿದೆ. ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹೇಳುವುದು ಅವರಿಗೆ ಸುಲಭ. ‘ಶರಾಬ್ ಅಲ್ಲ, ದವಾ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಕಮಲಾಪುರದಲ್ಲಿ, ನನ್ನ ಅಬ್ಬಾನ ಬಾಯಿಂದಲೇ. ಅಬ್ಬಾ ಊರಿನ ಸಣ್ಣ ಮಸೀದಿಯಲ್ಲಿ ನಮಾಜು ಮಾಡಿಸುತ್ತಿದ್ದ ಮೌಲ್ವಿ. ಯಾವುದು ಹಲಾಲ್, ಯಾವುದು ಹರಾಮ್ ಎಂದು ಊರಿಗೆಲ್ಲ ತಿಳಿಸಿ ಹೇಳುತ್ತಿದ್ದವರು. ಅವರೇ ಹತ್ತು ವರ್ಷದಿಂದ ಅಫೀಮು ತಿನ್ನುತ್ತಿದ್ದರು.

ನಾನು ಹೇಳುತ್ತಿರುವುದು ನಿಜಾಮರ ಸಂಸ್ಥಾನದ ಮೇಲೆ ಪೊಲೀಸ್ ಆಕ್ಷನ್ ಆದ ಮರುವರ್ಷದ ಮಾತು. ಆ ವರ್ಷ ರಂಜಾನ್ ಮಳೆಗಾಲದಲ್ಲಿ ಬಂದಿತ್ತು. ನನಗೆ ಹದಿನೆಂಟು. ಗೊತ್ತಾಗಿದ್ದ ಮದುವೆ ಹಿಂದಿನ ವರ್ಷದ ಗಲಾಟೆಯಲ್ಲಿ ಮುರಿದುಬಿದ್ದಿತ್ತು. ಮನೆಯಲ್ಲಿದ್ದವರು ಅಬ್ಬಾ, ಅಮ್ಮಿ, ನಾನು ಮೂವರೇ. ನಮ್ಮ ಮನೆಗೂ ಮಸೀದಿಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಜಾಳಿಗೆಯ ಕಿಟಕಿ. ಆ ಕಿಟಕಿಯ ಹಿಂದೆ ಕೂತೇ ನಾನೂ ಅಮ್ಮಿಯೂ ನಮಾಜು ಮಾಡುತ್ತಿದ್ದೆವು.

ಅಬ್ಬಾಗೆ ಅಫೀಮು ಹತ್ತಿದ್ದು ಹೊಟ್ಟೆನೋವಿನಿಂದ. ನಾನಿನ್ನೂ ಸಣ್ಣವಳಿದ್ದಾಗ ಅವರಿಗೆ ಆಮಶಂಕೆಯಾಗಿ, ಹಾಸಿಗೆಯಿಂದ ಏಳಲಾಗದೆ ಹೋದಾಗ ಗುಲ್ಬರ್ಗಾದ ಒಬ್ಬ ಹಕೀಮರು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದೊಂದು ಗುಳಿಗೆ ಕೊಟ್ಟರು. ಹೊಟ್ಟೆ ನಿಂತಿತು. ಹಕೀಮರು ಮುಂದೆ ತೀರಿಕೊಂಡರು. ಹೊಟ್ಟೆನೋವೂ ಎಂದೋ ಹೊರಟುಹೋಯಿತು. ದವಾ ಮಾತ್ರ ಉಳಿಯಿತು, ಸಾಸಿವೆ ಹೋಗಿ ಕಡಲೆಯಾಯಿತು. ಸರ್ಕಾರದ ಪರವಾನಗಿ ಇದ್ದ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿತ್ತು, ಯಾರು ಕೇಳಬೇಕು?

ನಾನು ಒಮ್ಮೆ ಕೇಳಿದೆ. ಅದಕ್ಕೂ ಕಾರಣವಿತ್ತು. ಬಾಳೆಹಣ್ಣಿನ ಬಂಡಿ ಹೊಡೆಯುವ ಖಾಸಿಮ್ ಎನ್ನುವವನು ಸೇಂದಿ ಕುಡಿದು ಮಸೀದಿಗೆ ಬಂದಿದ್ದ. ಅಬ್ಬಾ ಅವನನ್ನು ಮೆಟ್ಟಿಲ ಮೇಲೆಯೇ ತಡೆದರು. ನಶೆಯಲ್ಲಿ ನಮಾಜಿನ ಹತ್ತಿರ ಸುಳಿಯಬಾರದು, ಬಾಯಿಂದ ಬರುವ ಮಾತಿನ ಅರ್ಥ ತನಗೇ ತಿಳಿಯುವಷ್ಟು ಎಚ್ಚರ ಬರುವ ತನಕ ದೂರ ಇರಬೇಕು, ಅದು ಅಲ್ಲಾಹನ ಹುಕುಮ್ ಎಂದು ಹತ್ತು ಜನರ ಎದುರು ಹೇಳಿದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಖಾಸಿಮ್ ತಲೆ ತಗ್ಗಿಸಿಕೊಂಡು ಹೋದ. ಆಮೇಲೆ ಅವನು ಮಸೀದಿಯೊಳಗೆ ಕಾಲಿಡಲಿಲ್ಲ. ಎದುರಿಗಿನ ಬೇವಿನ ಮರದ ಕೆಳಗೆ ಬಂಡಿ ನಿಲ್ಲಿಸಿಕೊಂಡು ಹೊರಗಿನಿಂದಲೇ ಕೈಯೆತ್ತಿ ದುವಾ ಮಾಡುತ್ತಿದ್ದ.

ಆ ದಿನ ಊಟಕ್ಕೆ ಕೂತಾಗ ಕೇಳಿದೆ, “ಅಬ್ಬಾ, ಖಾಸಿಮನ ಸೇಂದಿ ಹರಾಮ್. ನಿಮ್ಮ ಅಫೀಮು?”

“ಅದು ಕುಡಿಯೂದಲ್ಲ ಬೇಟಿ. ಶರಾಬ್ ಅಲ್ಲ. ದವಾ ಅದ,” ಅಂದರು.

“ಹೆಚ್ಚು ತಿಂದ್ರ ಬುದ್ಧಿ ಕೆಡಸೂದು ಯಾವುದೇ ಇರ್ಲಿ, ಅದರ ಚೂರು ಸುದ್ದಾ ಹರಾಮ್ ಅಂತ ನೀವೇ ಪಾಠ ಹೇಳಿದ್ರಲ್ಲ?”

“ನೋವಿಗೆ ಬ್ಯಾರೆ ದಾರೀನೇ ಇಲ್ಲಂದ್ರ ಮಾಫಿ ಅದ ಅಂತನೂ ಹೇಳೀನಿ.”

“ನೋವು ಎಲ್ಲಿ ಅದ ಅಬ್ಬಾ?”

ಅಮ್ಮಿ ನನ್ನ ತಲೆಗೆ ಒಂದು ಮೊಟಕಿದಳು. ನಮ್ಮ ಮನೆಯಲ್ಲಿ ಧರ್ಮಚರ್ಚೆ ಮುಗಿಯುತ್ತಿದ್ದ ರೀತಿ ಅದು.

ಅದಕ್ಕಿಂತಲೂ ನನ್ನನ್ನು ಕೆರಳಿಸುತ್ತಿದ್ದದ್ದು ರಂಜಾನಿನ ವ್ಯವಸ್ಥೆ. ರೋಜಾ ಹಿಡಿದ ಮೇಲೆ ಬೆಳಗಿನಿಂದ ಸಂಜೆಯ ತನಕ ಬಾಯಿಗೆ ನೀರೂ ಇಲ್ಲ. ಅಫೀಮು ತಿನ್ನುವವನಿಗೆ ಅಷ್ಟು ಹೊತ್ತು ತಡೆಯುವುದಿಲ್ಲ. ಅದಕ್ಕೆ ಹಳೆಯ ಅಫೀಮುಗಾರರು ಕಂಡುಕೊಂಡ ಉಪಾಯ ಒಂದಿತ್ತು. ಬೆಳಗಾಗುವ ಮೊದಲು, ಸೆಹ್ರಿ ಊಟದ ಕೊನೆಗೆ, ಮೂರು ಗುಳಿಗೆ ನುಂಗುವುದು. ಒಂದು ಬರೀ ಗುಳಿಗೆ. ಎರಡನೆಯದಕ್ಕೆ ಗಾಳಿಪಟದ ತೆಳು ಕಾಗದದ ಒಂದು ಸುತ್ತು. ಮೂರನೆಯದಕ್ಕೆ ಮೂರು ಸುತ್ತು. ಹೊಟ್ಟೆಯಲ್ಲಿ ಕಾಗದ ಕರಗಿದಂತೆ ಮೊದಲನೆಯದು ಬೆಳಿಗ್ಗೆ, ಎರಡನೆಯದು ಮಧ್ಯಾಹ್ನ, ಮೂರನೆಯದು ಅಸರ್ ನಮಾಜಿನ ಹೊತ್ತಿಗೆ, ಅಂದರೆ ಇಳಿಹೊತ್ತಿಗೆ, ಕೆಲಸ ಮಾಡುತ್ತಿತ್ತು. ಹೊರಗೆ ರೋಜಾ, ಒಳಗೆ ಅಂಗಡಿ ತೆರೆದೇ ಇತ್ತು. ಅಮ್ಮಿಗೆ ಕಣ್ಣು ಮಂಜು. ಹಾಗಾಗಿ ಆ ಕಾಗದ ಸುತ್ತುವ ಕೆಲಸ ನನ್ನದು. ಹದಿನಾಲ್ಕನೆಯ ವಯಸ್ಸಿನಿಂದ ನಾನೇ ಸುತ್ತುತ್ತಿದ್ದೆ. ಈ ಬೆರಳುಗಳಿಂದಲೇ.

ಅದು ದವಾ ಅಲ್ಲವೆಂದು ನನಗೆ ಖಚಿತವಾದದ್ದು ಪೊಲೀಸ್ ಆಕ್ಷನ್ ದಿನಗಳಲ್ಲಿ. ಅದಕ್ಕೂ ಮೊದಲು, ರಜಾಕಾರರ ಹಾವಳಿ ಇದ್ದಾಗ, ಶರಣಪ್ಪ ಕಾಕಾನ ಅಂಗಡಿಯ ಬಾಗಿಲು ಒಡೆಯಲು ಬಂದವರಿಗೆ ಅಬ್ಬಾ ಅಡ್ಡ ನಿಂತಿದ್ದರು. ಕಾಕಾ ನಮ್ಮ ಓಣಿಯ ಕಾಳುಕಡಿ ವ್ಯಾಪಾರಿ, ಕೊರಳಲ್ಲಿ ಲಿಂಗ, ಹಣೆತುಂಬ ವಿಭೂತಿ. ನಿಜಾಮರ ಆಳ್ವಿಕೆ ಬಿದ್ದು, ಸೇಡಿನ ಗುಂಪುಗಳು ಊರೂರು ತಿರುಗತೊಡಗಿದಾಗ ಕಾಕಾನ ಸರದಿ ಬಂತು. ನಮ್ಮ ಮೂವರನ್ನೂ ತನ್ನ ಅಂಗಡಿಯ ಅಟ್ಟದ ಮೇಲೆ ಜೋಳದ ಚೀಲಗಳ ಹಿಂದೆ ಕೂಡಿಸಿ ಏಣಿ ತೆಗೆದಿಟ್ಟ.

ಎರಡನೆಯ ದಿನಕ್ಕೆ ಅಬ್ಬಾಗೆ ಅಫೀಮು ಮುಗಿಯಿತು. ಮೊದಲು ಆಕಳಿಕೆ, ಆಮೇಲೆ ಮೂಗು ಕಣ್ಣಲ್ಲಿ ನೀರು, ಆಮೇಲೆ ಮೈತುಂಬ ಬೆವರು. ಕಾಲುಗಳು ತಮ್ಮಷ್ಟಕ್ಕೆ ತಾವೇ ಹಲಗೆಯನ್ನು ಒದೆಯತೊಡಗಿದವು. ಕೆಳಗೆ ಓಣಿಯಲ್ಲಿ ಬಡಿಗೆ ಹಿಡಿದವರು ಓಡಾಡುತ್ತಿದ್ದರು. ಅಬ್ಬಾ ನರಳುತ್ತಿದ್ದರು. ಅಮ್ಮಿ ತನ್ನ ಸೆರಗನ್ನು ಅವರ ಬಾಯಿಗೆ ತುರುಕಿದಳು. ನಾನು ಅವರ ಎರಡೂ ಕಾಲುಗಳ ಮೇಲೆ ಕೂತೆ. ಸಾಯುತ್ತೇವೆಂದು ಹೆದರಿಕೆಯಾಗಲಿಲ್ಲ, ಒಂದು ಕಡಲೆಗಾತ್ರದ ಗುಳಿಗೆಗಾಗಿ ಸಾಯುತ್ತೇವಲ್ಲ ಎಂದು ಮೈಯೆಲ್ಲ ಉರಿಯಿತು.

ಕಾಕಾ ಸದ್ದು ಕೇಳಿ ಮೇಲೆ ಬಂದ. ನೋಡಿದ. ಹೊರಗೆ ಹೋದ. ಅಂಥ ಹೊತ್ತಿನಲ್ಲಿ ಮೂರು ಓಣಿ ದಾಟಿ ಯಾರ ಮನೆಯಿಂದಲೋ ಒಂದು ಚೂರು ಅಫೀಮು ತಂದು ತನ್ನ ಕೈಯಿಂದಲೇ ಅಬ್ಬಾನ ನಾಲಿಗೆಯ ಕೆಳಗೆ ಇಟ್ಟ. ಸ್ವಲ್ಪ ಹೊತ್ತಿಗೆ ಅಬ್ಬಾ ಶಾಂತರಾದರು. ನಾವು ಬದುಕಿದೆವು.

ಕಾಕಾನ ಉಪಕಾರ ನಾನು ಸಾಯುವ ತನಕ ಮರೆಯುವುದಿಲ್ಲ. ಆದರೆ ಅಂದಿನಿಂದ ಅವನು ಅದನ್ನೊಂದು ವ್ರತ ಮಾಡಿಕೊಂಡ. ಸೋಮವಾರ ಸೋಮವಾರ ಗುಲ್ಬರ್ಗಾದ ಶರಣಬಸವೇಶ್ವರನ ಗುಡಿಗೆ ಹೋಗುತ್ತಿದ್ದ. ಬರುವಾಗ ಪ್ರಸಾದದ ಚೀಲದಲ್ಲೇ ನಮಗೆಂದು ಅಫೀಮು ಕಟ್ಟಿಸಿಕೊಂಡು ಬರುತ್ತಿದ್ದ. “ಮೌಲ್ವಿ ಸಾಬ್ರ ಜೀವ ಇದರಾಗ ಅದವ್ವಾ. ನಾ ಇರೂತನಕ ಕಮ್ಮಿ ಆಗಂಗಿಲ್ಲ,” ಎನ್ನುತ್ತಿದ್ದ. ಬೈಯಲು ಬಾಯಿ ಬರುತ್ತಿರಲಿಲ್ಲ. ಕೆಟ್ಟವರು ಹಾಳು ಮಾಡಿದರೆ ಜಗಳವಾಡಬಹುದು, ಒಳ್ಳೆಯವರು ಹಾಳು ಮಾಡಿದರೆ ಏನು ಮಾಡಬೇಕು?

ಮರುವರ್ಷದ ರಂಜಾನ್ ಬಂದಾಗ ಊರು ಹಿಂದಿನ ಊರಾಗಿರಲಿಲ್ಲ. ಕೆಲವರು ಹೈದರಾಬಾದಿಗೆ ಹೋಗಿದ್ದರು, ಕೆಲವರು ಎಲ್ಲಿಗೆ ಹೋದರೆಂದು ಗೊತ್ತಿರಲಿಲ್ಲ. ಬೀಬಿಮಾ ಎನ್ನುವ ಮುದುಕಿಯ ಒಬ್ಬನೇ ಮಗ ರಸೂಲ್ ಆ ಗಲಾಟೆಯ ವಾರದಲ್ಲಿ ಗುಲ್ಬರ್ಗಾಕ್ಕೆಂದು ಹೋದವನು ಮರಳಿ ಬಂದಿರಲಿಲ್ಲ. ಆಕೆ ದಿನಾ ಇಳಿಹೊತ್ತಿಗೆ ನಮ್ಮ ಮನೆಗೆ ಬಂದು ಜಾಳಿಗೆಯ ಹಿಂದೆ ನಮ್ಮ ಜೊತೆ ನಮಾಜಿಗೆ ನಿಲ್ಲುತ್ತಿದ್ದಳು. ಮಸೀದಿಯಲ್ಲಿ ಗಂಡಸರ ಸಾಲುಗಳು ಕಡಿಮೆಯಾಗಿದ್ದವು. ಇದ್ದವರೆಲ್ಲ ಅಬ್ಬಾನ ಬಾಯಿಯನ್ನೇ ನೋಡುತ್ತಿದ್ದರು.

ಆ ರಂಜಾನಿನ ಎರಡನೆಯ ವಾರ ನಾನೊಂದು ಕೆಲಸ ಮಾಡಿದೆ. ಮೂರನೆಯ ಗುಳಿಗೆಯಲ್ಲಿ ಅಫೀಮು ಇಡುವ ಬದಲು ಹುಣಸೆಹಣ್ಣಿಗೆ ಜೋಳದ ಹಿಟ್ಟು ಕಲಸಿ, ಉಂಡೆ ಮಾಡಿ, ಮೂರು ಸುತ್ತು ಕಾಗದ ಸುತ್ತಿಕೊಟ್ಟೆ. ಯಾರಿಗೂ ಹೇಳಲಿಲ್ಲ. ಒಂದೊಂದೇ ಗುಳಿಗೆ ಹೀಗೆ ಬದಲಾಯಿಸುತ್ತಾ ಹೋದರೆ ರಂಜಾನ್ ಮುಗಿಯುವಷ್ಟರಲ್ಲಿ ಅಬ್ಬಾ ಬಿಟ್ಟೇಬಿಡುತ್ತಾರೆ ಎಂಬುದು ನನ್ನ ಲೆಕ್ಕ. ಎಳೆಯ ವಯಸ್ಸಿನ ಬುದ್ಧಿ ಅಷ್ಟೇ.

ಮೂರು ದಿನ ಅಸರ್ ಹೊತ್ತಿಗೆ ಅಬ್ಬಾ ನಡುಗಿದರು. ಮೂಗು ಒರೆಸಿಕೊಳ್ಳುತ್ತಲೇ ನಮಾಜು ಮಾಡಿಸಿದರು. ಮಳೆಗಾಲದ ನೆಗಡಿ ಎಂದು ಜನ ಅಂದುಕೊಂಡರು. ನಾಲ್ಕನೆಯ ದಿನ ಸೆಹ್ರಿಗೆ ಕೂತಾಗ ಅವರ ಕೈಯಲ್ಲಿ ರೊಟ್ಟಿ ನಿಲ್ಲಲಿಲ್ಲ. ನನಗೆ ತಡೆಯಲಾಗಲಿಲ್ಲ. ಹುಣಸೆ ಉಂಡೆ ಬಿಸಾಕಿ ನಿಜವಾದ ಅಫೀಮನ್ನೇ ಸುತ್ತಿಕೊಟ್ಟೆ. ಅದೇ ದಿನ ಅಮ್ಮಿಗೂ ತಡೆಯಲಾಗಲಿಲ್ಲವಂತೆ. ನನ್ನ ಕಣ್ಣು ತಪ್ಪಿಸಿ ಆಕೆ ಇನ್ನೊಂದು ದೊಡ್ಡ ಗುಳಿಗೆಯನ್ನು ಕಾಗದದಲ್ಲಿ ಕಟ್ಟಿ ಅಬ್ಬಾನ ಕೈಗೆ ಇಟ್ಟಿದ್ದಳು. ನನ್ನ ಕರುಣೆಯೊಂದು, ಅಮ್ಮಿಯ ಕರುಣೆಯೊಂದು, ಎರಡೂ ಸೇರಿ ಅಬ್ಬಾನ ಹೊಟ್ಟೆಯಲ್ಲಿ ಬಿಚ್ಚಿಕೊಂಡವು.

ಅಂದು ಇಳಿಹೊತ್ತಿಗೆ ಜಿಟಿಜಿಟಿ ಮಳೆ. ಅಸರ್ ನಮಾಜು ಶುರುವಾಯಿತು. ಜಾಳಿಗೆಯ ಈಚೆ ಅಮ್ಮಿ, ಬೀಬಿಮಾ, ನಾನು. ಮೂರನೆಯ ಸುತ್ತಿನಲ್ಲಿ ಅಬ್ಬಾ ‘ಅಲ್ಲಾಹು ಅಕ್ಬರ್’ ಎಂದು ಸಜ್ದಾಕ್ಕೆ ಹೋದರು, ಹಣೆ ನೆಲಕ್ಕೆ ಊರಿದರು. ಹಿಂದಿನ ಸಾಲುಗಳೂ ಊರಿದವು. ಏಳಲು ಮತ್ತೊಮ್ಮೆ ಹಾಗೆನ್ನಬೇಕು. ಅನ್ನಲಿಲ್ಲ.

ಮೂರು ಸಲ ಹೇಳುವ ತಸ್ಬೀಹನ್ನು ನಾನು ಹತ್ತು ಸಲ ಹೇಳಿದೆ, ಇಪ್ಪತ್ತು ಸಲ ಹೇಳಿದೆ. ಆ ಕಡೆ ಸದ್ದಿಲ್ಲ. ಇಮಾಮರಿಗಿಂತ ಮೊದಲು ಯಾರೂ ತಲೆಯೆತ್ತಬಾರದು ಎಂದು ಅಬ್ಬಾನೇ ಕಲಿಸಿದ್ದರು. ಯಾರೂ ಎತ್ತಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಮೆಲ್ಲಗೆ ‘ಸುಬ್ಹಾನಲ್ಲಾ’ ಎಂದು ಎಚ್ಚರಿಸಿದರು. ಆಮೇಲೆ ಎಲ್ಲಿಂದಲೋ ಒಂದು ಅಳು ಕೇಳಿತು. ಒಬ್ಬರು ಅತ್ತರು, ಇನ್ನೊಬ್ಬರು ಅತ್ತರು, ವರ್ಷವಿಡೀ ತಡೆದಿಟ್ಟುಕೊಂಡದ್ದೆಲ್ಲ ನೆಲಕ್ಕೆ ಮುಖ ಮಾಡಿ ಹೊರಬಂತು. ನನ್ನ ಪಕ್ಕದಲ್ಲಿ ಬೀಬಿಮಾ ಬಿಕ್ಕುತ್ತಿದ್ದಳು. ನಾನು ಮಾತ್ರ ಅಬ್ಬಾ ಸತ್ತರು ಎಂದುಕೊಂಡೆ. ನಾನೇ ಕೊಂದೆ ಎಂದುಕೊಂಡೆ.

ನಮಾಜಿನಲ್ಲಿ ಇಮಾಮ್ ತಪ್ಪಿದರೆ ಗಂಡಸರು ಬಾಯಿಂದ ಎಚ್ಚರಿಸಬೇಕು, ಹೆಂಗಸರು ಕೈಯ ಮೇಲೆ ಕೈ ಬಡಿದು ಎಚ್ಚರಿಸಬೇಕು. ಇದೂ ಅವರೇ ಕಲಿಸಿದ್ದು. ನಾನು ತಲೆಯೆತ್ತಿ ಬಲಗೈಯಿಂದ ಎಡಗೈಯ ಹಿಂಭಾಗಕ್ಕೆ ಬಡಿದೆ. ಮತ್ತೆ ಬಡಿದೆ. ಮೂರನೆಯ ಸಲ ಚರ್ಮ ಕೆಂಪಾಗುವಂತೆ ಬಡಿದೆ. ‘ಅಲ್ಲಾಹು ಅಕ್ಬರ್’ ಎಂದರು ಅಬ್ಬಾ, ಬಾವಿಯೊಳಗಿಂದ ಎಂಬಂತೆ. ನಮಾಜು ಹೇಗೋ ಮುಗಿಯಿತು.

ಸಂಜೆ ರೋಜಾ ಬಿಡುವಷ್ಟರಲ್ಲಿ ಊರೆಲ್ಲ ಸುದ್ದಿ. ಇಂಥ ಸಜ್ದಾ ಯಾರೂ ಕಂಡಿರಲಿಲ್ಲ. ಊರಿನ ದುಃಖಕ್ಕಾಗಿ ಮೌಲ್ವಿ ಸಾಹೇಬರು ಅಲ್ಲಾಹನ ಮುಂದೆ ಬಿದ್ದು ಏಳಲೇ ಒಲ್ಲದೆ ಹೋದರು ಎಂದರು. ನಮ್ಮ ಬಾಗಿಲಿಗೆ ಖರ್ಜೂರ, ಕಮಲಾಪುರದ ಕೆಂಪು ಬಾಳೆಯ ಗೊನೆ, ಹಾಲು. ಶರಣಪ್ಪ ಕಾಕಾ ಬಂದು ಕೈ ಮುಗಿದ. “ಮೌಲ್ವಿ ಸಾಬ್ರು ಸಮಾಧಿಯೊಳಗ ಹೋಗಿದ್ರಂತಲ್ಲವ್ವಾ! ನಮ್ಮ ಶರಣರಿಗೂ ಹಿಂಗಽ ಆಗ್ತಿತ್ತಂತ.” ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಮ್ಮ ಮನೆ ಬಿಟ್ಟರೆ ಊರಿನಲ್ಲಿ ಒಬ್ಬನೇ ಒಬ್ಬನಿಗೆ ಸತ್ಯ ತಿಳಿದಿತ್ತು. ಮರುದಿನ ಹಿತ್ತಲಿಗೆ ನೀರು ತರಲು ಹೋದಾಗ ಖಾಸಿಮ್ ಬೇಲಿಯಾಚೆ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಮುಖ ನೋಡದೆಯೇ ಅಂದ, “ಬೇಟಿ, ಸಿಟ್ಟಾಗಬ್ಯಾಡ. ನಿಮ್ಮಪ್ಪಾವ್ರದು ಸಜ್ದಾ ಅಲ್ಲ. ಆ ನಿದ್ದಿ ನಂಗ ಗೊತ್ತದ.”

ಅಬ್ಬಾಗೂ ಗೊತ್ತಿತ್ತು. ಆದರೆ ನನಗೆ ಇಂದಿಗೂ ನುಂಗಲಾಗದ ಮಾತು ಒಂದಿದೆ. ಅಬ್ಬಾಗೆ ಆ ಮರ್ಯಾದೆ ಹಿಡಿಸಿತು. ಎರಡು ದಿನ ಬಾಯಿ ಬಿಡಲಿಲ್ಲ. ಕೈಗೆ ಮುತ್ತಿಡಲು ಬಂದವರಿಗೆ ಕೈ ಕೊಟ್ಟರು. ಮೂರನೆಯ ದಿನ ಅಸರ್‌ನಲ್ಲಿ, ಪೂರ್ಣ ಎಚ್ಚರದಲ್ಲಿದ್ದುಕೊಂಡೇ, ಬೇಕೆಂದೇ ಸಜ್ದಾವನ್ನು ಎಳೆದರು. ಹಿಂದಿನ ಸಾಲುಗಳಲ್ಲಿ ಅಳು ಕೇಳುವ ತನಕ ಎಳೆದರು. ಇನ್ನು ಇವರು ಯಾವ ಕಾಲಕ್ಕೂ ಅಫೀಮು ಬಿಡುವುದಿಲ್ಲ, ಊರೇ ಬಿಡಗೊಡುವುದಿಲ್ಲ ಎಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಮನೆಗೆ ಬಂದವರನ್ನು ಬಾಗಿಲಲ್ಲೇ ತಡೆದೆ.

“ಖಾಸಿಮನ್ನ ನೀವು ಮೆಟ್ಟಲ ಮ್ಯಾಲೆ ತಡದ್ರಿ. ನಿಮ್ಮನ್ನ ತಡೆಯೂವ್ರು ಯಾರು ಅಬ್ಬಾ?”

ಅಮ್ಮಿ ಈ ಸಲ ಮೊಟಕಲಿಲ್ಲ. ಅಬ್ಬಾ ನನ್ನ ಕಡೆ ನೋಡಿದರು. ಅವರ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ಮರುದಿನ ಜುಮ್ಮಾ, ಶುಕ್ರವಾರದ ದೊಡ್ಡ ನಮಾಜು. ಜನ ಕಿಕ್ಕಿರಿದು ನೆರೆದಿದ್ದರು, ಅಕ್ಕಪಕ್ಕದ ಹಳ್ಳಿಗಳಿಂದಲೂ ಬಂದಿದ್ದರು. ಅಬ್ಬಾ ಎದ್ದು ನಿಂತು ನೇರವಾಗಿ ಹೇಳಿದರು, “ಭಾಯಿಯೋ, ಆವತ್ತಿನ ಅಸರ್ ನಮಾಜು ಕಬೂಲ್ ಆಗಿಲ್ಲ. ನಾ ನಶಾದಾಗ ಇದ್ದೆ. ಅಫೀಮು ತಿಂದಿದ್ದೆ, ಸಜ್ದಾದಾಗ ಮಲಗಿದ್ದೆ. ನಿನ್ನೆದು ಎಚ್ಚರ ಇದ್ದೂ ಮಾಡಿದ ಢೋಂಗು. ಖಾಸಿಮಗ ಹೇಳಿದ ಹುಕುಮ್ ನಂಗೂ ಅದ. ಆ ನಮಾಜು ನೀವೆಲ್ಲಾ ತಿರುಗಿ ಮಾಡ್ಕೋರಿ. ನಾ ಇನ್ನ ಮುಂದ ನಿಂದ್ರಂಗಿಲ್ಲ.”

ಜಾಳಿಗೆಯ ಹಿಂದೆ ನಾನು ನಿಂತಿದ್ದೆ. ಅಬ್ಬಾ ಎಂದರೆ ಹೀಗಿರಬೇಕು ಎಂದು ಎದೆಯುಬ್ಬಿತ್ತು. ಕಲ್ಲು ಬೀಳಬಹುದು, ಬೈಗುಳ ಬೀಳಬಹುದು ಎಂದುಕೊಂಡಿದ್ದೆ. ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ಎದ್ದರು. “ನೋಡ್ರಿ, ನೋಡ್ರಿ! ದೊಡ್ಡವ್ರು ತಮ್ಮ ದೊಡ್ಡಸ್ತನ ಹಿಂಗ ಮುಚ್ಚಿಡ್ತಾರ!” ಎಂದರು. ಜನರು ಅಬ್ಬಾನ ಕೈಗೆ, ಅಂಗಿಯ ಅಂಚಿಗೆ ಮುಗಿಬಿದ್ದರು. ಅಬ್ಬಾ “ಖರೇನೇ ಹೇಳಾಕತ್ತೀನಿ, ಕುರಾನಿನ ಆಣಿ” ಎಂದು ಕೂಗುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿಗೆ ಆ ವರ್ಷ ಒಬ್ಬ ಪುಣ್ಯಪುರುಷ ಬೇಕಿತ್ತು, ಸಿಕ್ಕವನನ್ನು ಕೈಬಿಡಲು ತಯಾರಿರಲಿಲ್ಲ. ಆ ನಮಾಜನ್ನು ತಿರುಗಿ ಮಾಡಿದವರು ಅಬ್ಬಾ, ಅಮ್ಮಿ, ನಾನು. ಮತ್ತೆ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಖಾಸಿಮ್. ಅವನಂತೂ ಆ ದಿನ ನಮಾಜಿನಲ್ಲೇ ಇರಲಿಲ್ಲ.

ಅಬ್ಬಾ ಹೊರಗೆ ಬಂದು ಅವನ ಎದುರಿಗೆ ನಿಂತರು. “ಖಾಸಿಮ್, ನಿಂಗ ನಾ ಮಂದಿ ಮುಂದ ಅವಮಾನ ಮಾಡಿದೆ.”

“ನನ್ನ ನಶಾ ವಾಸನಿ ಹೊಡೀತಿತ್ತು ಮೌಲ್ವಿ ಸಾಬ್, ನಿಮ್ಮದು ಹೊಡೀತಿರ್ಲಿಲ್ಲ. ಇಷ್ಟಽ ಫರಕ್,” ಅಂದ ಖಾಸಿಮ್. ಆಮೇಲೆ, “ನಾಳಿಗಿ ಬಾಳಿಹಣ್ಣು ತೊಗೊಂಡು ಗುಲ್ಬರ್ಗಾಕ್ಕ ಹೊಂಟೀನಿ. ದವಾಖಾನಿಗಿ ಬರ್ತೀರೇನು? ಇಲ್ಲಿದ್ರ ಇವ್ರು ನಿಮ್ಮನ್ನ ಬಿಡಂಗಿಲ್ಲ.”

ಹೊರಟೆವು. ಗೊನೆಗಳ ನಡುವೆ ಅಬ್ಬಾ, ಅಮ್ಮಿ, ನಾನು, ಮೇಲೆ ಬಾಳೆಲೆ ಹೊದಿಸಿಕೊಂಡು. ದಾರಿಯುದ್ದಕ್ಕೂ ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತಿತ್ತು, ಖಾಸಿಮ್ ಇಳಿದಿಳಿದು ಕೆರೆಯುತ್ತಿದ್ದ. ತಾಜಸುಲ್ತಾನಪುರದಲ್ಲಿ ಎತ್ತು ಬಿಚ್ಚಿ ನೀರು ಕುಡಿಸಿದೆವು. ಗುಲ್ಬರ್ಗಾದ ಐವಾನ್-ಎ-ಶಾಹಿಯ ಹತ್ತಿರ ಅಮ್ಮಿಯ ತಂಗಿಯ ಮನೆಗೆ ಮುಟ್ಟುವಾಗ ಕತ್ತಲಾಗುತ್ತಿತ್ತು.

ದವಾಖಾನೆಯ ಡಾಕ್ಟರು ಒಂದೇಟಿಗೆ ಬಿಟ್ಟರೆ ಈ ಮೈ ತಡೆಯಲಾರದು ಎಂದರು. ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಬೇಕು, ಹೊಟ್ಟೆತುಂಬ ಉಣ್ಣಬೇಕು, ನೀರು ಕುಡಿಯಬೇಕು, ರೋಜಾ ಹಿಡಿಯಲೇಬಾರದು. ಕಾಯಿಲೆಯವರಿಗೆ ಧರ್ಮದಲ್ಲಿ ಆ ರಿಯಾಯಿತಿ ಇದೆ, ಗುಣವಾದ ಮೇಲೆ ಹಿಡಿದು ತೀರಿಸಬೇಕು. ಅಬ್ಬಾ ಒಪ್ಪಿದರು. “ಹತ್ತು ವರ್ಷ ಹಿಡದದ್ದು ರೋಜಾ ಅಲ್ಲ. ಈ ಸಲ ಖರೇ ಖರೇ ಬಿಡ್ತೀನಿ,” ಎಂದರು.

ಆದರೆ ಖಾಲಾಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ತಲೆ ಎತ್ತಿ ತಿರುಗುವಂತಿಲ್ಲವಾಯಿತು. “ರಂಜಾನದಾಗ, ಹಾಡಹಗಲ, ಮೌಲ್ವಿ ಆದವ್ರು ರೊಟ್ಟಿ ತಿಂತಾರಂದ್ರ! ಓಣ್ಯಾಗಿನ ಮಂದಿಗಿ ಏನಂತ ಹೇಳ್ಲಿ?” ಎಂದು ಕಿಟಕಿ ಮುಚ್ಚುತ್ತಿದ್ದಳು. ಹೊಟ್ಟೆಯಲ್ಲಿ ಮೂರು ಗುಳಿಗೆ ಇಟ್ಟುಕೊಂಡು ಹಿಡಿದ ರೋಜಾಕ್ಕೆ ಇವಳೇ ಪ್ರತಿ ವರ್ಷ ಸಲಾಮ್ ಹೊಡೆಯುತ್ತಿದ್ದಳು. ನಾನು ಆ ಕಿಟಕಿಯನ್ನು ಬೇಕೆಂದೇ ತೆರೆದಿಡುತ್ತಿದ್ದೆ.

ಅಬ್ಬಾ ಪಟ್ಟ ಪಾಡು ಬರೆಯಲು ಕೈ ಬರುವುದಿಲ್ಲ. ಹಾಸಿಗೆಯೆಲ್ಲ ಒದ್ದೆಯಾಗುತ್ತಿತ್ತು. ನಮ್ಮನ್ನು ಬೈದರು, ಕಾಲು ಹಿಡಿದು ಬೇಡಿದರು, ಮಗುವಿನಂತೆ ಅತ್ತರು. ಅಮ್ಮಿ ಕರಗಿದಾಗ ನಾನು ಅಫೀಮಿನ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದೆ. ಸೋಮವಾರ ಶರಣಪ್ಪ ಕಾಕಾ ಗುಡಿಯಿಂದ ನೇರ ನಮ್ಮಲ್ಲಿಗೆ ಬಂದ. ಅಬ್ಬಾನ ಸ್ಥಿತಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ನಾನು ನೀರು ತರಲು ಒಳಗೆ ಹೋದಾಗ ದಿಂಬಿನ ಕೆಳಗೆ ಒಂದು ಪೊಟ್ಟಣ ಸೇರಿಸುತ್ತಿದ್ದ. ಅಂದು ಮಾತ್ರ ನನಗೆ ಬಾಯಿ ಬಂತು.

“ಕಾಕಾ, ಅಟ್ಟದ ಮ್ಯಾಲೆ ನಮ್ಮ ಜೀವ ಉಳಿಸೀರಿ. ನಿಮ್ಮ ಕಾಲಿಗಿ ಬೀಳ್ತೀನಿ, ಈಗ ತೆಗೀಬ್ಯಾಡ್ರಿ.”

“ನಾ ತೆಗೀತೀನಾ? ನಾನಾ?” ಎಂದ ಕಾಕಾ. ಆ ಪೊಟ್ಟಣ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತ. ಅವನಿಗೆ ಅಷ್ಟು ನೋವು ಮಾಡಿದ್ದಕ್ಕೆ ನನಗೆ ಈಗಲೂ ಕೆಡುಕೆನಿಸುತ್ತದೆ. ಆದರೆ ಹೇಳಬೇಕಿತ್ತು.

ಅಬ್ಬಾ ಆಮೇಲೆ ಆರು ವರ್ಷ ಬದುಕಿದರು. ಎರಡು ಸಲ ಜಾರಿದರು, ಎರಡು ಸಲವೂ ಎದ್ದರು. ಮುಂದೆ ನಿಂತು ನಮಾಜು ಮಾಡಿಸಲಿಲ್ಲ. ಕಮಲಾಪುರಕ್ಕೆ ಮರಳಿದ ಮೇಲೆ ಕೊನೆಯ ಸಾಲಿನಲ್ಲಿ ಖಾಸಿಮನ ಪಕ್ಕದಲ್ಲಿ ನಿಲ್ಲುತ್ತಿದ್ದರು. ಇಷ್ಟಾದರೂ ಆಯಿತಲ್ಲ ಎಂದು ನಾನು ಸಮಾಧಾನ ಪಟ್ಟುಕೊಳ್ಳಬೇಕು. ಪಟ್ಟುಕೊಳ್ಳಲು ಹೋದಾಗಲೆಲ್ಲ ಈದ್ ಆದ ವಾರದ ಒಂದು ಮಧ್ಯಾಹ್ನ ಅಡ್ಡ ಬರುತ್ತದೆ.

ಅಬ್ಬಾ ಗುಳಿಗೆಯನ್ನು ಪೂರ್ತಿ ಬಿಟ್ಟು ಅಂದಿಗೆ ಎರಡು ದಿನ. ಗೋಡೆ ಹಿಡಿದು ನಡೆಯುತ್ತಿದ್ದರು. ಖಾಸಿಮನ ಬಂಡಿ ಬಂದು ನಿಂತಿತು. ಬಂಡಿಯಿಂದ ಇಳಿದವಳು ಬೀಬಿಮಾ. ಅಷ್ಟು ದೂರ, ಆ ಕೆಸರಿನಲ್ಲಿ, ಆ ವಯಸ್ಸಿನಲ್ಲಿ. ಅಬ್ಬಾನ ಎದುರು ಕೂತು ಸೆರಗೊಡ್ಡಿದಳು.

“ಮೌಲ್ವಿ ಸಾಬ್, ಆವತ್ತಿನ ಸಜ್ದಾದಾಗ ನನ್ನ ರಸೂಲನ ಸಲುವಾಗಿ ಬೇಡಿದ್ರಿ, ಹೌದಲ್ಲ?”

ಮಳೆ ನಿಂತು ಬಿಸಿಲು ಬಿದ್ದಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಹೌದು ಎಂದುಬಿಡಲಿ ಎಂದು ನನ್ನ ಮನಸ್ಸಿನ ಅರ್ಧ ಹೇಳುತ್ತಿತ್ತು. ಮುದುಕಿ, ಮಗ ಇಲ್ಲ, ಒಂದು ಹೌದಿನಿಂದ ಯಾರ ಗಂಟು ಹೋಗುತ್ತದೆ?

“ಇಲ್ಲ ಬೀಬಿಮಾ,” ಎಂದರು ಅಬ್ಬಾ. “ಆವತ್ತ ನಾ ಏನೂ ಬೇಡಿಲ್ಲ. ನಂಗ ರಸೂಲನ ನೆನಪೂ ಇರ್ಲಿಲ್ಲ, ಅಲ್ಲಾಹನ ನೆನಪೂ ಇರ್ಲಿಲ್ಲ. ಇವತ್ತ ಬೇಡ್ತೀನಿ.”

ನನ್ನ ಕೈ ಹಿಡಿದು ಎದ್ದರು. ನಮಾಜಿಗಾಗಿ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡರು, ಕೈಯ ನಡುಕಕ್ಕೆ ಅರ್ಧ ನೀರು ಹೊರಗೇ ಚೆಲ್ಲಿತು. ಚಾಪೆಯ ಮೇಲೆ ನಿಂತರು, ಬಾಗಿದರು, ಮೊಣಕಾಲು ಊರುವಾಗ ನೋವಿಗೆ ಹಲ್ಲು ಕಚ್ಚಿದರು. ಹಣೆ ನೆಲಕ್ಕಿಟ್ಟು “ಯಾ ಅಲ್ಲಾ, ಬೀಬಿಮಾನ ಮಗ ರಸೂಲ್” ಎಂದರು. ಆ ಹೆಸರು ನಮಗೆಲ್ಲ ಕೇಳಿತು. ಬೆನ್ನು ಗಡಗಡ ನಡುಗುತ್ತಿತ್ತು, ಅಷ್ಟು ಹೊತ್ತು ತಡೆಯುವ ಶಕ್ತಿ ಮೈಯಲ್ಲಿ ಇರಲಿಲ್ಲ. ತಲೆ ಎತ್ತಿ ಕೂತರು. ಮೂಗಿನಿಂದ ನೀರು ಇಳಿಯುತ್ತಿತ್ತು.

ಬೀಬಿಮಾ ಇನ್ನೂ ಕಾಯುತ್ತಿದ್ದಳು. ಮುಗಿಯಿತೆಂದು ಆಕೆಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಇಷ್ಟಽ ಏನ್ರಿ?” ಎಂದಳು. ವ್ಯಂಗ್ಯವಿರಲಿಲ್ಲ, ಸಿಟ್ಟಿರಲಿಲ್ಲ. “ಆವತ್ತಿಂದು ಭಾಳ ದೊಡ್ಡದಿತ್ತು, ಮೌಲ್ವಿ ಸಾಬ್.”

ಸೆರಗು ಸುತ್ತಿಕೊಂಡು ಎದ್ದು, ಬಿಸಿಲು ಇರುವಾಗಲೇ ತಾಜಸುಲ್ತಾನಪುರ ದಾಟಬೇಕೆಂದು ಖಾಸಿಮನನ್ನು ಕರೆದಳು. ನಾನು ಅವಳ ಹಿಂದೆ ಬೀದಿಯ ತನಕ ಓಡಿದೆ. ಅದು ನಿದ್ದೆ ಬೀಬಿಮಾ, ಇದೇ ಸಜ್ದಾ, ನಿನ್ನ ಮಗನ ಹೆಸರು ಇದರಲ್ಲೇ ಇದ್ದದ್ದು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಬಂಡಿ ಹೊರಟಿತು. ಆಕೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.